ಹನ್ನೊಂದನೆಯ ಕಿಟಕಿ ಮತ್ತು ಅಪ್ಪಯ್ಯನ ಹಳೆಯ ಲ್ಯಾಪ್‌ಟಾಪ್

ಕಳೆದ ಅಕ್ಟೋಬರ್ 14ರ ಮುಂಜಾನೆ. ಮ್ಯೂನಿಕ್ ನಗರದಲ್ಲಿ ಇನ್ನೂ ಬೆಳಕು ಹರಿದಿರಲಿಲ್ಲ. ಸಾಗರದಲ್ಲಿ ಆಗಲೇ ಹತ್ತು ಗಂಟೆ. ಹೊತ್ತಲ್ಲದ ಹೊತ್ತಿನಲ್ಲಿ ಊರಿನಿಂದ ಕರೆ ಬಂದರೆ ಹೊರದೇಶದಲ್ಲಿರುವವರ ಎದೆ ಒಮ್ಮೆ ಧಸಕ್ಕೆನ್ನುವುದುಂಟು. ಆದರೆ ಅಪ್ಪಯ್ಯನ ಧ್ವನಿಯಲ್ಲಿದ್ದುದು ಗಾಬರಿಯಲ್ಲ, ಅಸಮಾಧಾನ.

“ತಮ್ಮಾ, ಈ ಕಂಪ್ಯೂಟರಿನ ಆಯಸ್ಸು ಮುಗಿಯಿತಂತೆ. ಪರದೆ ತುಂಬ ಬರೆದು ತೋರಿಸುತ್ತಿದೆ. ಆಯುಧಪೂಜೆಗೆ ಕುಂಕುಮ ಹಚ್ಚಿ ಎರಡು ವಾರವೂ ಆಗಲಿಲ್ಲ ಮಾರಾಯ!”

ಅಪ್ಪಯ್ಯ ನಿವೃತ್ತ ಹೈಸ್ಕೂಲ್ ಮೇಷ್ಟರು. 2016ರಲ್ಲಿ ಜರ್ಮನಿಗೆ ಹೊರಡುವ ಮುನ್ನ ನಾನೇ ಕೊಡಿಸಿದ ಲ್ಯಾಪ್‌ಟಾಪ್ ಅದು. ಪರಸ್ಪರ ಮುಖ ನೋಡುವುದಕ್ಕೆಂದು ಕೊಂಡದ್ದು ಕಾಲಕ್ರಮದಲ್ಲಿ ಅವರ ಬರವಣಿಗೆಯ ಮೇಜಾಯಿತು. ಲಿಂಗನಮಕ್ಕಿ ಅಣೆಕಟ್ಟೆಯ ಹಿನ್ನೀರಿನಲ್ಲಿ ಮುಳುಗಿದ ನಮ್ಮ ಮೂಲಮನೆ, ಅಲ್ಲಿಂದ ಎದ್ದು ದಿಕ್ಕಿಗೊಬ್ಬರಂತೆ ಹೋದ ದಾಯಾದಿಗಳು, ಯಾರಿಗೆ ಎಲ್ಲಿ ಜಾಗ ಸಿಕ್ಕಿತು, ಯಾರಿಗೆ ಸಿಗಲಿಲ್ಲ ಎಂಬುದನ್ನೆಲ್ಲ ಅವರು ಒಂಬತ್ತು ವರ್ಷಗಳಿಂದ ಅದರಲ್ಲಿ ಬರೆಯುತ್ತ ಬಂದಿದ್ದಾರೆ. ಹೇಳಿದವರಲ್ಲಿ ಬಹುತೇಕರು ಈಗಿಲ್ಲ. ನಾಲ್ಕುನೂರು ಪುಟಗಳ ಆ ಬರಹಕ್ಕೆ ಇನ್ನೊಂದು ಪ್ರತಿ ಎಲ್ಲಿಯೂ ಇರಲಿಲ್ಲ.

ಅದೇ ಸಂಜೆ ನಮ್ಮ ಕಟ್ಟಡದ ಕೆಳಮಹಡಿಯ ಅಜ್ಜಿ ಕರೆಗಂಟೆ ಒತ್ತಿದರು. ಎಪ್ಪತ್ತೆಂಟು ವರ್ಷದ ಅವರು ಗ್ರಂಥಪಾಲಕಿಯಾಗಿ ನಿವೃತ್ತರಾದವರು. ಅವರ ಕಂಪ್ಯೂಟರಿನಲ್ಲೂ ಅದೇ ಸೂಚನೆ, ಜರ್ಮನ್ ಭಾಷೆಯಲ್ಲಿ. “ನಿನ್ನೆಯವರೆಗೆ ಚೆನ್ನಾಗಿದ್ದದ್ದು ಇಂದು ಏಕೆ ಕೆಟ್ಟಿತು?” ಎಂದು ಕೇಳಿದರು.

ಕೆಟ್ಟಿರಲಿಲ್ಲ. ವಿಂಡೋಸ್ 10 ಎಂಬ ಕಾರ್ಯಾಚರಣೆ ವ್ಯವಸ್ಥೆಗೆ ಮೈಕ್ರೋಸಾಫ್ಟ್ ಸಂಸ್ಥೆ ಅಂದಿಗೆ ಬೆಂಬಲ ನಿಲ್ಲಿಸಿತ್ತು, ಅಷ್ಟೆ. ಯಂತ್ರ ಮೊದಲಿನಂತೆಯೇ ನಡೆಯುತ್ತದೆ. ಆದರೆ ಹೊಸದಾಗಿ ಪತ್ತೆಯಾಗುವ ಭದ್ರತಾ ಲೋಪಗಳಿಗೆ ತೇಪೆ ಹಾಕಲು ಇನ್ನು ಯಾರೂ ಬರುವುದಿಲ್ಲ. ಬಾಗಿಲು ಗಟ್ಟಿಯಾಗಿಯೇ ಇದೆ, ಬೀಗ ಸವೆದರೆ ಮಾತ್ರ ಕೇಳುವವರಿಲ್ಲ ಎಂದು ಇಬ್ಬರಿಗೂ ವಿವರಿಸಿದೆ. 2015ರ ಜುಲೈನಲ್ಲಿ ಈ ಆವೃತ್ತಿ ಬರುವ ಮೊದಲು, ಇದೇ ವಿಂಡೋಸ್‌ನ ಕೊನೆಯ ಆವೃತ್ತಿ ಎಂದು ಆ ಸಂಸ್ಥೆಯ ಉದ್ಯೋಗಿಯೊಬ್ಬರು ಸಮ್ಮೇಳನವೊಂದರಲ್ಲಿ ಹೇಳಿದ್ದರು. ಮುಂದೆ ಹೊಸ ಸಂಖ್ಯೆಗಳಿಲ್ಲ, ಇದೇ ಬೆಳೆಯುತ್ತ ಹೋಗುತ್ತದೆ ಎಂದು ಎಷ್ಟೋ ಮಂದಿ ನಂಬಿದೆವು. 2021ರ ಅಕ್ಟೋಬರ್ 5ರಂದು ಹನ್ನೊಂದು ಬಂದೇ ಬಂತು.

ಹಿಂದಿನ ಬದಲಾವಣೆಗಳಿಗೂ ಇದಕ್ಕೂ ಒಂದು ವ್ಯತ್ಯಾಸವಿತ್ತು. ಹತ್ತು ನಡೆಯುತ್ತಿದ್ದ ಎಲ್ಲ ಯಂತ್ರಗಳಲ್ಲೂ ಹನ್ನೊಂದು ನಡೆಯುವುದಿಲ್ಲ. ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆ ಬೇಕು. ಇಂಟೆಲ್ ಸಂಸ್ಕಾರಕವಾದರೆ ಬಹುಮಟ್ಟಿಗೆ ಎಂಟನೆಯ ತಲೆಮಾರಿನದು ಅಥವಾ ಅದರ ಅನಂತರದ್ದಾಗಿರಬೇಕು. ಅಪ್ಪಯ್ಯನ ಲ್ಯಾಪ್‌ಟಾಪಿನಲ್ಲಿರುವುದು ಆರನೆಯದು. ಹೀಗೆ ಹೊರಗುಳಿಯುವುದರಿಂದ ಸುಮಾರು 24 ಕೋಟಿ ಕಂಪ್ಯೂಟರುಗಳು ಕಸದ ಪಾಲಾಗಬಹುದೆಂದು ಕೆನಾಲಿಸ್ ಎಂಬ ಸಂಶೋಧನಾ ಸಂಸ್ಥೆ 2023ರ ಕೊನೆಯಲ್ಲಿ ಅಂದಾಜಿಸಿತ್ತು. ಖಾಲಿ ಬಾಟಲಿಯನ್ನೂ ಅಂಗಡಿಗೆ ಮರಳಿಸಿ ಇಪ್ಪತ್ತೈದು ಸೆಂಟ್ ಪಡೆಯುವ ಈ ದೇಶದಲ್ಲಿ ಆ ಮಾತು ಜನರನ್ನು ಚುಚ್ಚಿದ್ದು ಸಹಜ.

ಹಾಗೆಂದು ಹೊಸ ಆವೃತ್ತಿಯನ್ನು ಎಲ್ಲರೂ ಹಳಿಯುತ್ತಾರೆಂದಲ್ಲ. ನನ್ನ ಸಹೋದ್ಯೋಗಿಯೊಬ್ಬರು ದಾವಣಗೆರೆಯವರು. ಅವರಿಗೆ ಹನ್ನೊಂದು ಬಹಳ ಹಿಡಿಸಿದೆ. ದೊಡ್ಡ ಪರದೆಯ ಮೇಲೆ ನಾಲ್ಕಾರು ಕಿಟಕಿಗಳನ್ನು ಅಚ್ಚುಕಟ್ಟಾಗಿ ಜೋಡಿಸಿಕೊಳ್ಳುವ ಸೌಕರ್ಯ, ಸಭೆಯಲ್ಲಿ ಆಡುವ ಮಾತು ಅಕ್ಷರವಾಗಿ ಕೆಳಗೆ ಮೂಡುವ ಅನುಕೂಲ ಇವೆಲ್ಲ ಅವರ ದಿನದ ಕೆಲಸವನ್ನು ಹಗುರ ಮಾಡಿವೆ. “ಭದ್ರತೆ ಬೇಕು, ಆದರೆ ಹತ್ತು ವರ್ಷದ ಯಂತ್ರವೂ ನಡೆಯಬೇಕು ಅಂದ್ರೆ ಹೆಂಗ್ರೀ?” ಎಂದು ನನ್ನನ್ನೇ ಕೇಳುತ್ತಾರೆ. ಅವರ ಮಾತಿನಲ್ಲಿ ಹುರುಳಿಲ್ಲದಿಲ್ಲ. ಕದ್ದ ಲ್ಯಾಪ್‌ಟಾಪಿನಿಂದ ಬ್ಯಾಂಕಿನ ಕಾಗದಪತ್ರ ಸೋರದಂತೆ ಕಾಯುವುದು ಅದೇ ಟಿಪಿಎಂ. ಕಂಪನಿಯೇ ಮೂರು ನಾಲ್ಕು ವರ್ಷಕ್ಕೊಮ್ಮೆ ಹೊಸ ಯಂತ್ರ ಕೊಡುವವರಿಗೆ ಈ ಬದಲಾವಣೆ ಒಂದು ಬೆಳಗಿನ ಕಿರಿಕಿರಿ, ಅಷ್ಟೆ.

ಕಿರಿಕಿರಿಗಳೇನೂ ಕಡಿಮೆಯಿರಲಿಲ್ಲ. ಇಪ್ಪತ್ತು ವರ್ಷಗಳಿಗೂ ಮಿಕ್ಕಿ ಎಡಮೂಲೆಯಲ್ಲಿದ್ದ ಸ್ಟಾರ್ಟ್ ಗುಂಡಿ ನಡುವಿಗೆ ಬಂದು ಕುಳಿತಿತು. ಅದನ್ನು ಎಡಕ್ಕೆ ಸರಿಸಬಹುದು, ಆದರೆ ಪಟ್ಟಿಯನ್ನೇ ಪರದೆಯ ಪಕ್ಕಕ್ಕೆ ನಿಲ್ಲಿಸಿಕೊಳ್ಳುತ್ತಿದ್ದವರಿಗೆ ಹನ್ನೊಂದರಲ್ಲಿ ಆ ಆಯ್ಕೆ ಸಿಗಲಿಲ್ಲ. ಬಲಗುಂಡಿ ಒತ್ತಿದರೆ ಅರ್ಧ ಆಯ್ಕೆಗಳು ಮಾತ್ರ ಕಾಣಿಸಿ, ಉಳಿದವಕ್ಕೆ ಮತ್ತೊಮ್ಮೆ ಒತ್ತಬೇಕಾಯಿತು. ಅಡುಗೆಮನೆಯ ಡಬ್ಬಗಳನ್ನು ಬೇರೆ ಯಾರೋ ಬಂದು ಜೋಡಿಸಿಟ್ಟು ಹೋದಂತಹ ಅನುಭವ ಅದು. ವಸ್ತುಗಳೆಲ್ಲ ಇವೆ, ಕೈಗೆ ಮಾತ್ರ ಸಿಗುತ್ತಿಲ್ಲ.

ಕೆಳಮನೆಯ ಅಜ್ಜಿಯ ತಕರಾರು ಈ ಬಗೆಯದಲ್ಲ. ಹೊಸ ಕಂಪ್ಯೂಟರ್ ಕೊಳ್ಳುವಷ್ಟು ಪಿಂಚಣಿ ಅವರಿಗಿದೆ. ಆದರೆ ‘ರಿಕಾಲ್’ ಎಂಬ ಸೌಲಭ್ಯದ ಬಗ್ಗೆ ಪತ್ರಿಕೆಯಲ್ಲಿ ಓದಿದ್ದರು. ಪರದೆಯ ಮೇಲೆ ನಡೆಯುವುದನ್ನು ಕೆಲವು ಕ್ಷಣಗಳಿಗೊಮ್ಮೆ ಚಿತ್ರವಾಗಿ ತೆಗೆದಿಟ್ಟು, ಮರೆತದ್ದನ್ನು ಆಮೇಲೆ ಹುಡುಕಿಕೊಡುವ ವ್ಯವಸ್ಥೆಯಿದು. 2024ರ ಮೇ ತಿಂಗಳಲ್ಲಿ ಪ್ರಕಟವಾದಾಗ ಭದ್ರತಾ ತಜ್ಞರಿಂದ ತೀವ್ರ ಟೀಕೆ ಬಂದು, ಬಿಡುಗಡೆ ಮುಂದೂಡಲ್ಪಟ್ಟು, 2025ರ ಏಪ್ರಿಲ್‌ನಲ್ಲಿ ಬಳಕೆದಾರರು ತಾವಾಗಿ ಒಪ್ಪಿದರೆ ಮಾತ್ರ ಎಂಬ ಶರತ್ತಿನೊಂದಿಗೆ ಹೊರಬಂತು. ಅದಕ್ಕೆಂದೇ ತಯಾರಾದ ಹೊಸ ಯಂತ್ರಗಳಲ್ಲಿ ಮಾತ್ರ ಅದು ಇರುತ್ತದೆ, ಚಿತ್ರಗಳು ಯಂತ್ರದಲ್ಲಿಯೇ ಉಳಿಯುತ್ತವೆ ಎಂದೆಲ್ಲ ಹೇಳಿದೆ. ಅವರು ತಾಳ್ಮೆಯಿಂದ ಕೇಳಿದರು. ಅನಂತರ, ತಾವು ಹುಟ್ಟಿ ಬೆಳೆದದ್ದು ಲೈಪ್‌ಜಿಗ್‌ನಲ್ಲಿ, ಶಾಲೆಗೆ ಹೋಗುವ ದಾರಿಯಲ್ಲಿ ‘ದುಂಡುಮೂಲೆ’ ಎಂದು ಜನ ಕರೆಯುತ್ತಿದ್ದ ಕಟ್ಟಡವಿತ್ತು ಎಂದಷ್ಟೇ ಹೇಳಿದರು. ಹಿಂದಿನ ಪೂರ್ವ ಜರ್ಮನಿಯ ಗುಪ್ತ ಪೊಲೀಸ್ ಪಡೆಯಾದ ಸ್ಟಾಸಿಯ ಲೈಪ್‌ಜಿಗ್ ಕಚೇರಿ ಅದು, ಈಗ ವಸ್ತುಸಂಗ್ರಹಾಲಯ. ನನ್ನ ತಾಂತ್ರಿಕ ವಿವರಣೆ ಅಲ್ಲಿಗೆ ನಿಂತಿತು.

ಈ ನಗರಕ್ಕೂ ವಿಂಡೋಸಿಗೂ ಹಳೆಯ ಒಂದು ವ್ಯಾಜ್ಯವಿದೆ. 2003ರಲ್ಲಿ ಮ್ಯೂನಿಕ್ ನಗರಸಭೆ ತನ್ನ ಕಚೇರಿಗಳ ಕಂಪ್ಯೂಟರುಗಳನ್ನು ಮುಕ್ತ ತಂತ್ರಾಂಶವಾದ ಲಿನಕ್ಸ್‌ಗೆ ಬದಲಿಸಲು ತೀರ್ಮಾನಿಸಿತು. ಮೈಕ್ರೋಸಾಫ್ಟ್‌ನ ಅಂದಿನ ಮುಖ್ಯಸ್ಥ ಸ್ಟೀವ್ ಬಾಲ್ಮರ್ ತಮ್ಮ ಹಿಮಜಾರಾಟದ ರಜೆಯನ್ನು ಅರ್ಧಕ್ಕೆ ಬಿಟ್ಟು ಮೇಯರ್ ಕ್ರಿಸ್ಟಿಯಾನ್ ಊಡೆ ಅವರನ್ನು ಕಾಣಲು ಬಂದರೂ ನಿರ್ಧಾರ ಬದಲಾಗಲಿಲ್ಲ. ‘ಲಿಮುಕ್ಸ್’ ಎಂಬ ಆ ಯೋಜನೆಯಲ್ಲಿ 2013ರ ಹೊತ್ತಿಗೆ ಸುಮಾರು 15,000 ಯಂತ್ರಗಳು ಬದಲಾದವು. ಆದರೆ ಸಿಬ್ಬಂದಿಯ ದೂರುಗಳು, ಹೊರಗಿನಿಂದ ಬರುವ ಕಡತಗಳ ಹೊಂದಾಣಿಕೆಯ ತೊಂದರೆ, ರಾಜಕೀಯ ಎಲ್ಲ ಸೇರಿ 2017ರಲ್ಲಿ ಮತ್ತೆ ವಿಂಡೋಸಿಗೇ ಮರಳುವ ನಿರ್ಣಯವಾಯಿತು. ಯಾವ ವಿಂಡೋಸ್? ಇದೇ ಹತ್ತು! ಈಗ ಉತ್ತರದ ಶ್ಲೆಸ್ವಿಗ್-ಹೋಲ್‌ಸ್ಟೈನ್ ರಾಜ್ಯ ಸುಮಾರು 30,000 ಸರ್ಕಾರಿ ಕಂಪ್ಯೂಟರುಗಳೊಂದಿಗೆ ಮ್ಯೂನಿಕ್ ಬಿಟ್ಟ ದಾರಿಯನ್ನು ಹಿಡಿದಿದೆ. ಇಲ್ಲಿನ ಬಡಾವಣೆಗಳಲ್ಲಿ ಶನಿವಾರಗಳಂದು ನಡೆಯುವ ದುರಸ್ತಿ ಕೂಟಗಳಲ್ಲೂ, ಮಿಕ್ಸರ್ ಮತ್ತು ಹೊಲಿಗೆ ಯಂತ್ರಗಳ ಪಕ್ಕದಲ್ಲಿ, ಹಳೆಯ ಲ್ಯಾಪ್‌ಟಾಪ್ ಹಿಡಿದು ಲಿನಕ್ಸ್ ಹಾಕಿಸಿಕೊಳ್ಳಲು ನಿಂತವರನ್ನು ಈ ಚಳಿಗಾಲದಲ್ಲಿ ಕಂಡಿದ್ದೇನೆ.

ಅಪ್ಪಯ್ಯನಿಗೂ ಅದನ್ನೇ ಸೂಚಿಸೋಣವೆಂದುಕೊಂಡೆ. ಲಿನಕ್ಸ್‌ನಲ್ಲಿ ಕನ್ನಡಕ್ಕೆ ಬರವಿಲ್ಲ. ಗುಬ್ಬಿ, ನವಿಲು ಎಂಬ ಮುದ್ದಾದ ಹೆಸರಿನ ಮುಕ್ತ ಫಾಂಟ್‌ಗಳೂ ಇವೆ. ಆದರೆ ಅವರ ಬರಹದ ಮೊದಲ ಭಾಗ ಇರುವುದು ‘ನುಡಿ’ಯ ಹಳೆಯ ಅಕ್ಷರಗಳಲ್ಲಿ. ಯುನಿಕೋಡ್ ಪೂರ್ವದ ಆ ಫಾಂಟ್ ಇಲ್ಲದ ಯಂತ್ರದಲ್ಲಿ ತೆರೆದರೆ ಕನ್ನಡ ಕಾಣುವುದಿಲ್ಲ, ಅರ್ಥವಿಲ್ಲದ ರೋಮನ್ ಅಕ್ಷರಗಳ ರಾಶಿ ಕಾಣುತ್ತದೆ. ಎರಡನೆಯ ಭಾಗ ಯುನಿಕೋಡ್‌ನಲ್ಲಿದೆ, ‘ತುಂಗಾ’ ಫಾಂಟ್‌ನಲ್ಲಿ. ಅವರು ಕಳುಹಿಸಿದ ಒಂದು ಅಧ್ಯಾಯವನ್ನು ನನ್ನ ಹೊಸ ಲ್ಯಾಪ್‌ಟಾಪಿನಲ್ಲಿ ತೆರೆದೆ. ಅಲ್ಲಿ ತುಂಗೆ ಇರಲೇ ಇಲ್ಲ! ಈಗಿನ ವಿಂಡೋಸ್‌ನಲ್ಲಿ ಕನ್ನಡಕ್ಕೆಂದು ಮೊದಲೇ ಬರುವುದು ‘ನಿರ್ಮಲಾ’. ತುಂಗಾ ಬೇಕಾದರೆ ಐಚ್ಛಿಕ ಸೌಲಭ್ಯಗಳ ಪಟ್ಟಿಯಿಂದ ಕನ್ನಡದ ಪೂರಕ ಫಾಂಟ್‌ಗಳನ್ನು ಪ್ರತ್ಯೇಕವಾಗಿ ಸೇರಿಸಿಕೊಳ್ಳಬೇಕು. ಎರಡು ನಿಮಿಷದ ಕೆಲಸ, ಗೊತ್ತಿದ್ದವರಿಗೆ. ಊರಿನಲ್ಲಿ ತಂದೆತಾಯಿಯರ ಯಂತ್ರವನ್ನು ಅಂಗಡಿಯವರ ಕೈಗೆ ಕೊಟ್ಟು ಹೊಸ ಆವೃತ್ತಿ ಹಾಕಿಸುವ ಮೊದಲು, ಅದರಲ್ಲಿ ನುಡಿ ಅಥವಾ ಬರಹದ ಹಳೆಯ ಕಡತಗಳಿವೆಯೇ ಎಂದು ದಯವಿಟ್ಟು ಒಮ್ಮೆ ವಿಚಾರಿಸಿ.

ಇಲ್ಲಿಗೆ ಓದಲು ಬರಲಿರುವವರಿಗೂ ಒಂದು ಮಾತು. ಭಾರತದಲ್ಲಿ ಮಾರಾಟವಾಗುವ ಅನೇಕ ಲ್ಯಾಪ್‌ಟಾಪ್‌ಗಳಲ್ಲಿರುವುದು ವಿಂಡೋಸ್‌ನ ಏಕಭಾಷಾ ಆವೃತ್ತಿ. ಯಾವ ಭಾಷೆಯಲ್ಲಿ ಬೇಕಾದರೂ ಬರೆಯಬಹುದು, ಆದರೆ ಪರದೆಯ ಭಾಷೆಯನ್ನು ಇಂಗ್ಲಿಷಿನಿಂದ ಜರ್ಮನ್‌ಗೆ ಸುಲಭವಾಗಿ ಬದಲಿಸಲಾಗದು. ಇನ್ನೊಂದು ಸೂಕ್ಷ್ಮವೂ ಇದೆ. ಐರೋಪ್ಯ ಒಕ್ಕೂಟದ ಡಿಜಿಟಲ್ ಮಾರುಕಟ್ಟೆ ಕಾಯ್ದೆಯ ಫಲವಾಗಿ ಇಲ್ಲಿನ ಬಳಕೆದಾರರು ವಿಂಡೋಸ್‌ನೊಂದಿಗೆ ಬರುವ ಎಡ್ಜ್ ಬ್ರೌಸರನ್ನು ಕಿತ್ತುಹಾಕಬಹುದು. ಆದರೆ ಆ ಹಕ್ಕು ಯಂತ್ರ ಇರುವ ಊರಿಗೆ ಸೇರಿದ್ದಲ್ಲ. ಮೊದಲ ಬಾರಿ ಚಾಲೂ ಮಾಡುವಾಗ ಆರಿಸಿದ ದೇಶಕ್ಕೆ ಸೇರಿದ್ದು. ಎಲ್ಲವನ್ನೂ ಅಳಿಸಿ ಹೊಸದಾಗಿ ಸ್ಥಾಪಿಸುವವರೆಗೆ, ಹುಬ್ಬಳ್ಳಿಯಲ್ಲಿ ಚಾಲೂ ಮಾಡಿದ ಲ್ಯಾಪ್‌ಟಾಪ್ ಮ್ಯೂನಿಕ್‌ನಲ್ಲೂ ಭಾರತದ ಪ್ರಜೆಯೇ. ನಮ್ಮ ಹಾಗೆ ಅದಕ್ಕೂ ಒಂದು ಪಾಸ್‌ಪೋರ್ಟ್ ಇದೆ.

ಈ ಭೇದ ನಮ್ಮ ಮನೆಯೊಳಗೂ ಬಂತು. ಹತ್ತನೆಯ ಆವೃತ್ತಿಯಲ್ಲೇ ಉಳಿಯುವವರಿಗೆ ಇನ್ನೊಂದು ವರ್ಷ ಭದ್ರತಾ ತೇಪೆಗಳನ್ನು ಕೊಡುವ ಯೋಜನೆಯನ್ನು ಸಂಸ್ಥೆ ಪ್ರಕಟಿಸಿತ್ತು. ಒಂದೋ 30 ಡಾಲರ್ ತೆರಬೇಕು, ಇಲ್ಲವೇ ಅವರ ಬಹುಮಾನ ಯೋಜನೆಯ 1,000 ಅಂಕಗಳಿರಬೇಕು, ಅದೂ ಇಲ್ಲವಾದರೆ ಯಂತ್ರದ ಸೆಟ್ಟಿಂಗ್‌ಗಳ ಪ್ರತಿಯನ್ನು ಅವರ ಕ್ಲೌಡ್‌ನಲ್ಲಿ ಇಡಲು ಒಪ್ಪಬೇಕು. ಇಲ್ಲಿನ ಗ್ರಾಹಕ ಸಂಘಟನೆಯಾದ ಯೂರೋಕನ್ಸ್ಯೂಮರ್ಸ್ ಆಕ್ಷೇಪವೆತ್ತಿದ ಮೇಲೆ ಐರೋಪ್ಯ ಆರ್ಥಿಕ ವಲಯದವರಿಗೆ ಮಾತ್ರ ಆ ಶರತ್ತುಗಳನ್ನು ಸಡಿಲಿಸಿದರು: ಖಾತೆ ತೆರೆದು ಲಾಗಿನ್ ಆದರೆ ಸಾಕು. ಅಜ್ಜಿಯ ಕೆಲಸ ಹತ್ತು ನಿಮಿಷದಲ್ಲಿ, ಒಂದು ಲೋಟ ಚಹಾ ಮುಗಿಯುವಷ್ಟರಲ್ಲಿ ಆಯಿತು. ಇದನ್ನು ಅಪ್ಪಯ್ಯನಿಗೆ ಹೇಳಬಾರದಿತ್ತು, ಹೇಳಿಬಿಟ್ಟೆ.

“ಅವಕ್ಕೆ ಪುಕ್ಕಟೆ, ನನಗೆ ಮಾತ್ರ ಯಾಕೆ ಶರತ್ತು? ಎರಡೂ ಒಂದೇ ಅಲ್ಲವೋ?”

ನನ್ನಲ್ಲಿ ಉತ್ತರವಿರಲಿಲ್ಲ. ಅಲ್ಲಿ ಕೇಳುವವರಿದ್ದರು, ಕೇಳಿದರು, ಸಿಕ್ಕಿತು. ದುಡ್ಡು ನಾನೇ ಕಟ್ಟುತ್ತೇನೆಂದರೆ ಬೇಡವೆಂದರು. ಪ್ರತಿಯಿಡುವುದಕ್ಕಂತೂ ಸುತರಾಂ ಒಪ್ಪಲಿಲ್ಲ. ಹೊಸ ಲ್ಯಾಪ್‌ಟಾಪ್ ತರುತ್ತೇನೆಂದರೆ, ಇದರ ಕೀಲಿಗಳ ಮೇಲೆ ತಮ್ಮ ಬೆರಳು ಪಳಗಿದೆ ಎಂಬ ಒಂದೇ ಉತ್ತರ. ದೂರವಾಣಿಯಲ್ಲಿ ಎರಡು ತಿಂಗಳು ನಡೆದ ಈ ವಾದದಲ್ಲಿ ನಾನು ಗೆದ್ದ ದಿನ ಒಂದೂ ಇಲ್ಲ. ಅಷ್ಟರಲ್ಲಿ ಯಂತ್ರಕ್ಕೆ ಯಾವ ತೇಪೆಯೂ ಇಲ್ಲದೆ, ಆ ನಾಲ್ಕುನೂರು ಪುಟಗಳ ಚಿಂತೆ ನನ್ನ ನಿದ್ದೆಯನ್ನು ತಿನ್ನುತ್ತಿತ್ತು.

ಡಿಸೆಂಬರ್ ರಜೆಯಲ್ಲಿ ಊರಿಗೆ ಹೋದಾಗ ಮೂರು ದಿನ ಇಬ್ಬರೂ ಜಗಲಿಯಲ್ಲಿ ಕುಳಿತೆವು. ಮೊದಲು ನುಡಿಯ ಕಡತಗಳನ್ನೆಲ್ಲ ಯುನಿಕೋಡ್‌ಗೆ ಪರಿವರ್ತಿಸಿದೆವು. ಪರಿವರ್ತನೆಯಲ್ಲಿ ಕೆಲವು ಒತ್ತಕ್ಷರಗಳು ಅಲ್ಲಲ್ಲಿ ದಾರಿ ತಪ್ಪಿದ್ದವು; ಅವರು ಹಳೆಯ ಪ್ರತಿಯನ್ನು ಗಟ್ಟಿಯಾಗಿ ಓದುವುದು, ನಾನು ತಿದ್ದುವುದು. ಹಾಗೆ ಓದಿಸಿಕೊಳ್ಳುವಾಗಲೇ ಮೂಲಮನೆಯ ಕೊನೆಯ ದಿನದ ಅಧ್ಯಾಯವನ್ನು ನಾನು ಮೊದಲ ಬಾರಿಗೆ ಪೂರ್ತಿ ಕೇಳಿದ್ದು. ಬಾಗಿಲ ಚೌಕಟ್ಟುಗಳನ್ನು ಕಿತ್ತು ಗಾಡಿಗೆ ಹೇರಿದರಂತೆ. ಅದರಲ್ಲೊಂದು ಈಗಿನ ದೇವರ ಕೋಣೆಯದು. ಆ ಬಾಗಿಲನ್ನು ದಾಟುತ್ತಲೇ ಬೆಳೆದ ನನಗೆ ಅದು ಗೊತ್ತಿರಲಿಲ್ಲ.

ಮೂರು ಪ್ರತಿಗಳಾದವು: ಒಂದು ನನ್ನ ಬಳಿ, ಒಂದು ತಂಗಿಯ ಬಳಿ, ಒಂದು ಬೀರುವಿನಲ್ಲಿ ಜಮೀನಿನ ಪತ್ರಗಳ ಜೊತೆ. ಆ ಬಳಿಕ ಕ್ಲೌಡ್‌ಗೆ ಹೋಗುವುದು ಯಾವುದು, ಹೋಗದಿರುವುದು ಯಾವುದು ಎಂದು ಪರದೆಯ ಮೇಲೆ ಒಂದೊಂದಾಗಿ ತೋರಿಸಿದೆ. ಕನ್ನಡಕ ಏರಿಸಿ ಎಲ್ಲವನ್ನೂ ಓದಿ, ತಮ್ಮ ಕಡತಗಳ ಕಪಾಟು ಅದರಲ್ಲಿಲ್ಲವೆಂದು ಖಚಿತವಾದ ಮೇಲೆ “ಆಗಲಿ, ಒತ್ತು” ಎಂದರು. ಹಳೆಯ ಲ್ಯಾಪ್‌ಟಾಪಿಗೆ ಇನ್ನಷ್ಟು ಕಾಲ ಸಿಕ್ಕಿತು.

“ಯಾವತ್ತಿನವರೆಗೆ?” ಎಂದು ಕೇಳಿದರು. 2026ರ ಅಕ್ಟೋಬರ್ 13 ಎಂದೆ. ಎದ್ದು ಹೋಗಿ ಹೊಸ ವರ್ಷದ ಕ್ಯಾಲೆಂಡರಿನ ಹಾಳೆಗಳನ್ನು ಮಗುಚಿ, ಆ ಮಂಗಳವಾರದ ಮೇಲೆ ಕೆಂಪು ಶಾಯಿಯಲ್ಲಿ ಗುರುತು ಹಾಕಿದರು. ನವರಾತ್ರಿಯ ಸಾಲಿನ ಮೇಲೆ ಬೆರಳಾಡಿಸುತ್ತ ನಿಂತವರು ನನ್ನತ್ತ ತಿರುಗಿದರು.

“ಸ್ವಲ್ಪ ಮುಂದಕ್ಕೆ ಹಾಕಬಹುದಿತ್ತು ಇವರು. ಆಯುಧಪೂಜೆಗೆ ಇನ್ನೂ ಒಂದು ವಾರ ಇರುತ್ತದೆ.”