ಗವಂತಿ ಬಲ್ಲ ಯಂತ್ರ!

ತಾನೇ ದಾರ ಪೋಣಿಸಿಕೊಂಡಿತು! ಗುಂಡಿ ಒತ್ತಿದ್ದೇ ತಡ, ಕಣ್ಣಿಗೆ ಕಂಡೂ ಕಾಣದಷ್ಟು ಸಣ್ಣ ಕೊಕ್ಕೆಯೊಂದು ಸೂಜಿಕಣ್ಣಿನೊಳಗೆ ನುಸುಳಿತು, ದಾರ ಹಿಡಿಯಿತು, ಎಳೆದು ತಂದು ಸುಮ್ಮನಾಯಿತು. ಬೆಳಗಾವಿ ಕೋಟೆಯ ಪಕ್ಕದ ನಮ್ಮ ನಡುಮನೆಯಲ್ಲಿ ನೆರೆದಿದ್ದ ಹೆಂಗಸರೆಲ್ಲ ಒಮ್ಮೆಗೇ ‘ಅಯ್ಯ ಶಿವನ!’ ಅಂದರು. ದಾರದ ತುದಿಯನ್ನು ನಾಲಿಗೆಗೆ ತಾಗಿಸಿ, ಹೊಸೆದು, ಬೆಳಕಿಗೆ ಹಿಡಿದು, ಆದರೂ ಆಗದೆ ಕೊನೆಗೆ ಮೊಮ್ಮಕ್ಕಳನ್ನು ಕೂಗಿ ಕರೆಯುತ್ತಿದ್ದವರು ಅವರು. ಬೆರಗಾಗದೆ ಇನ್ನೇನು?

ಯಂತ್ರ ವೈನಿಯದು. ಹೊಲಿಗೆಯೂ ಅದರಲ್ಲೇ, ಎಂಬ್ರಾಯ್ಡರಿಯೂ ಅದರಲ್ಲೇ. ಮೈಮೇಲೊಂದು ಬಣ್ಣದ ಪರದೆ, ಪೆನ್‌ಡ್ರೈವ್ ಚುಚ್ಚಲು ಒಂದು ಕಿಂಡಿ, ದಾರವನ್ನು ತಾನೇ ಕತ್ತರಿಸಿಕೊಳ್ಳುವ ಕತ್ತರಿ. ಬೆಲೆ ಲಕ್ಷಗಳಲ್ಲಿ ಎಣಿಸುವಂಥದ್ದು; ಅದನ್ನು ಹೇಳಿದರೆ ಅಣ್ಣನ ಮುಖ ಈಗಲೂ ಬಾಡುತ್ತದೆ, ಹಾಗಾಗಿ ಇಲ್ಲಿ ಹೇಳುವುದಿಲ್ಲ. ಖಡೇಬಜಾರಿನ ಅಂಗಡಿಗಳಲ್ಲಿ ಬ್ಲೌಸ್‌ಪೀಸ್ ನೋಡಿ ನೋಡಿ ಪಳಗಿದ ವೈನಿಯ ಕೈ ಆ ಪರದೆಯ ಮೇಲೆ ಎಷ್ಟು ಸಲೀಸಾಗಿ ಓಡಾಡಿತು ಅಂತೀರಿ!

ಆದರೆ ನನ್ನ ಕಣ್ಣು ನೆಟ್ಟದ್ದು ಸೂಜಿಯ ಮೇಲೆ. ಕೈಹೊಲಿಗೆಯ ಸೂಜಿಗೆ ಕಣ್ಣು ಹಿಂಬದಿಯಲ್ಲಿ, ಮಷೀನಿನ ಸೂಜಿಗೆ ತುದಿಯಲ್ಲಿ. ಇದನ್ನು ಹುಟ್ಟಿದಾಗಿನಿಂದ ನೋಡಿದ್ದೇನೆ, ಯಾಕೆ ಹೀಗೆ ಎಂದು ಒಮ್ಮೆಯೂ ಕೇಳಿಕೊಂಡಿರಲಿಲ್ಲ. ಮೊಬೈಲಿನಲ್ಲಿ ನಿಧಾನಗತಿಯ ವಿಡಿಯೋ ಹಿಡಿದು ನೋಡಿದೆ. ಸೂಜಿ ಬಟ್ಟೆಯನ್ನು ಪೂರ್ತಿ ದಾಟುವುದೇ ಇಲ್ಲ! ತುದಿಯಷ್ಟೇ ಕೆಳಗಿಳಿಯುತ್ತದೆ, ಮೇಲೇಳಲು ಹೊರಟು ಒಂದೆರಡು ಮಿಲಿಮೀಟರ್ ಏರುವಷ್ಟರಲ್ಲಿ ದಾರ ಸಡಿಲವಾಗಿ ಪುಟ್ಟ ಕುಣಿಕೆಯಾಗಿ ಉಬ್ಬುತ್ತದೆ. ಅದೇ ಕ್ಷಣಕ್ಕೆ ಕಾದಿದ್ದ ಕೊಕ್ಕೆ ಕುಣಿಕೆಯನ್ನು ಹಿಡಿದು, ಕೆಳದಾರ ಸುತ್ತಿದ ಬಾಬಿನ್ನಿನ ಸುತ್ತ ತಿರುಗಿಸಿ ಬಿಟ್ಟುಬಿಡುತ್ತದೆ. ಮೇಲಿನ ದಾರ, ಕೆಳಗಿನ ದಾರ ಬಟ್ಟೆಯ ನಡುವೆ ಒಂದಕ್ಕೊಂದು ಕೊಂಡಿ ಹಾಕಿಕೊಳ್ಳುತ್ತವೆ. ಮುಗಿಯಿತು, ಒಂದು ಹೊಲಿಗೆ. ಇಂಥವು ನಿಮಿಷಕ್ಕೆ 800, ಅಂದರೆ ಸೆಕೆಂಡಿಗೆ 13! ಅಮೆರಿಕದ ಎಲಿಯಾಸ್ ಹೋವ್ 1846ರಲ್ಲಿ ಪೇಟೆಂಟ್ ಪಡೆದ ಯಂತ್ರದಲ್ಲೂ ಸೂಜಿಯ ಕಣ್ಣು ತುದಿಯಲ್ಲೇ ಇತ್ತು. ಪರದೆ ಬಂದರೂ, ಪೆನ್‌ಡ್ರೈವ್ ಬಂದರೂ ಆ ಕಣ್ಣು ಜಾಗ ಬಿಟ್ಟು ಕದಲಿಲ್ಲ.

ಇಲ್ಲೊಂದು ಸಣ್ಣ ಅಡ್ಡದಾರಿ. ಯಂತ್ರಗಳ ಹುಚ್ಚನ್ನು ಅಷ್ಟು ಬೈದ ಗಾಂಧೀಜಿ ಹೊಲಿಗೆ ಯಂತ್ರಕ್ಕೆ ಮಾತ್ರ ವಿನಾಯಿತಿ ಕೊಟ್ಟಿದ್ದರು. ಆ ಮಾತು ‘ಯಂಗ್ ಇಂಡಿಯಾ’ದಲ್ಲಿ ಅಚ್ಚಾದದ್ದು 1924ರ ನವೆಂಬರಿನಲ್ಲಿ. ಮರುತಿಂಗಳೇ ಅವರು ಬೆಳಗಾವಿಗೆ ಬಂದು, ತಮ್ಮ ಜೀವನದಲ್ಲಿ ಅಧ್ಯಕ್ಷತೆ ವಹಿಸಿದ ಏಕೈಕ ಕಾಂಗ್ರೆಸ್ ಅಧಿವೇಶನವನ್ನು ಇಲ್ಲಿ ನಡೆಸಿದರು! ಹೆಂಡತಿ ಹೊಲಿದು ಹೊಲಿದು ಸೋಲುವುದನ್ನು ನೋಡಲಾರದೆ ಸಿಂಗರ್ ಆ ಯಂತ್ರ ಮಾಡಿದ ಎಂದು ಗಾಂಧೀಜಿ ನಂಬಿದ್ದರು. ಐಸಾಕ್ ಸಿಂಗರನ ಸಂಸಾರಗಳ ಚರಿತ್ರೆ ಓದಿದವರಿಗೆ ಇದನ್ನು ಕೇಳಿ ನಗು ಬರುತ್ತದೆ, ಇರಲಿ. ಹೊಲಿಯುವ ಹೆಂಗಸಿನ ದಣಿವು ಮಹಾತ್ಮರ ಲೆಕ್ಕಕ್ಕೆ ಬಂತಲ್ಲ, ನನಗದು ದೊಡ್ಡದು.

ಮರಳಿ ನಡುಮನೆಗೆ. ಎಂಬ್ರಾಯ್ಡರಿಗೆ ನಿಂತಾಗ ಯಂತ್ರದ ವರಸೆಯೇ ಬೇರೆ. ಸೂಜಿ ನಿಂತಲ್ಲೇ ಕುಣಿಯುತ್ತದೆ, ಬಟ್ಟೆ ಬಿಗಿದ ರಿಂಗು ಎಡಬಲಕ್ಕೆ, ಹಿಂದೆಮುಂದಕ್ಕೆ ಓಡಾಡುತ್ತದೆ. ಎಲ್ಲಿಗೆ ಓಡಬೇಕೆಂಬುದು ಕಡತದಲ್ಲಿ ಬರೆದಿರುತ್ತದೆ. ಎಂಬ್ರಾಯ್ಡರಿ ಉದ್ಯಮದಲ್ಲಿ ಬಹುತೇಕರು ಬಳಸುವ ಡಿಎಸ್‌ಟಿ ಕಡತದಲ್ಲಿ ಚಿತ್ರವೇ ಇರುವುದಿಲ್ಲ! ‘ಬಲಕ್ಕೆ ಇಷ್ಟು, ಮೇಲಕ್ಕೆ ಇಷ್ಟು, ಚುಚ್ಚು’ ಎಂಬ ಸಾವಿರಾರು ಹೆಜ್ಜೆಗಳಷ್ಟೇ. ಅಳತೆ ಮಿಲಿಮೀಟರಿನ ಹತ್ತನೇ ಒಂದು ಪಾಲು. ಯಂತ್ರಕ್ಕೆ ಹೂವು ಗೊತ್ತಿಲ್ಲ, ನವಿಲು ಗೊತ್ತಿಲ್ಲ. ಅದು ಬರೀ ಎಣಿಸುತ್ತದೆ.

ಎಣಿಸಲಿ, ನಮ್ಮ ಕಮಲವನ್ನೇ ಎಣಿಸಲಿ ಅಂದಳು ವೈನಿ. ಕೋಟೆಯೊಳಗಿನ ಕಮಲ ಬಸದಿಗೆ ಹೋದವರು ಕತ್ತು ನೋಯುವವರೆಗೆ ನೋಡುವ ಕಮಲ ಅದು. ರಟ್ಟರ ದೊರೆ ನಾಲ್ಕನೆಯ ಕಾರ್ತವೀರ್ಯನ ಮಂತ್ರಿ ಬೀಚಿರಾಜ 1204ರಲ್ಲಿ ಕಟ್ಟಿಸಿದ ಬಸದಿ, ಮೂಲನಾಯಕ ನೇಮಿನಾಥ. ಮಂಟಪದ ಒಳಮಾಳಿಗೆಯಿಂದ ಕಲ್ಲಿನ ಕಮಲ ತಲೆಕೆಳಗಾಗಿ ಇಳಿಬಿದ್ದಿದೆ. ದಳ 72. ಹಿಂದಿನ, ಇಂದಿನ, ಮುಂದಿನ ಕಾಲಗಳ ತಲಾ 24 ತೀರ್ಥಂಕರರಿಗೆ ಒಂದೊಂದು ದಳ. ವೈನಿ ಕಂಪ್ಯೂಟರಿನಲ್ಲಿ ಒಂದೇ ಒಂದು ದಳ ಬರೆದಳು. 72 ಎಂದು ಒತ್ತಿದಳು. ಒಂದು ಸುತ್ತಿಗೆ 360 ಡಿಗ್ರಿ, 72 ದಳ, ತಲಾ ಸರಿಯಾಗಿ 5 ಡಿಗ್ರಿ! ಗರಗರ ತಿರುಗಿ ಕಮಲ ಅರಳಿಯೇ ಬಿಟ್ಟಿತು. 18 ಸೆಂಟಿಮೀಟರ್ ಅಡ್ಡಗಲದ ಆ ಹೂವಿನ ಅಂಚಿನಲ್ಲಿ ಒಂದೊಂದು ದಳಕ್ಕೆ ಸಿಕ್ಕ ಜಾಗ 8 ಮಿಲಿಮೀಟರಿಗೂ ತುಸು ಕಡಿಮೆ. ರೇಷ್ಮೆಯಂತೆ ಹೊಳೆಯುವ ಸ್ಯಾಟಿನ್ ಹೊಲಿಗೆಗೆ ಹೇಳಿ ಮಾಡಿಸಿದ ಅಗಲ. ಬೀಚಿರಾಜನ ಶಿಲ್ಪಿ ಉಳಿಯಲ್ಲಿ ಮಾಡಿದ್ದನ್ನು ಕುಪ್ಪಸದ ಬೆನ್ನಿನ ಮೇಲೆ, ಚಹಾ ಆರುವುದರೊಳಗಲ್ಲವಾದರೂ, ಊಟದ ಹೊತ್ತಿಗೆ ಕಂಡೆವು.

ನಿಜವಾದ ಬೆರಗು ಕಾದಿದ್ದು ಖಾನಾಪುರದಿಂದ ಸೋದರತ್ತಿ ಬಂದ ಮೇಲೆ. ಕಸೂತಿಯ ಕೈ ಅವರದು. ತೇರು, ಗೋಪುರ, ಆನೆ, ತುಳಸಿಕಟ್ಟೆ, ತೊಟ್ಟಿಲು, ಯಾವುದನ್ನೂ ಬಟ್ಟೆಯ ಮೇಲೆ ಗೀಚಿಕೊಳ್ಳದೆ, ಇಳಕಲ್ ಸೆರಗಿನ ಎಳೆ ಎಣಿಸಿ ಎಣಿಸಿಯೇ ತೆಗೆಯುವವರು. ಕಮಲವನ್ನು ನೋಡಿದರು, ತಲೆದೂಗಿದರು.

‘ಭಾಳ ಛಂದ ಐತಿ. ಹಿಂದಿನ ಬಾಜೂ ತೋರ್ಸವಾ.’

‘ಹಿಂದ ನೋಡಬ್ಯಾಡ್ರಿ ಅತ್ತಿ’ ಅಂದಳು ವೈನಿ, ನಗುತ್ತ.

ಹಿಂದೆ ಏನಿರುತ್ತದೆ? ಬಾಬಿನ್ನಿನ ಬಿಳಿ ದಾರ, ಹೊಲಿಯುವಾಗ ಅಡಿಗಿಟ್ಟು ಆಮೇಲೆ ಹರಿದು ತೆಗೆದ ಗಟ್ಟಿ ಹಾಳೆಯ ಚೂರು, ತುಂಡು ತುದಿಗಳು. ಕಸೂತಿಯ ಹೆಮ್ಮೆ ಇರುವುದೇ ಹಿಂಬದಿಯಲ್ಲಿ. ಗವಂತಿ, ಮುರ್ಗಿ, ನೇಯ್ಗೆ, ಮೆಂತೆ ಎಂಬ ನಾಲ್ಕು ಹೊಲಿಗೆಗಳಲ್ಲಿ ಗವಂತಿ, ಮುರ್ಗಿ ಎರಡೂ ಮಗ್ಗುಲಲ್ಲಿ ಒಂದೇ ಥರ ಕಾಣುತ್ತವೆ, ಗಂಟೂ ಇಲ್ಲ. ಹೋಗುವಾಗ ಒಂದು ಬಿಟ್ಟು ಒಂದು ಹೊಲಿಗೆ, ಬರುವಾಗ ಬಿಟ್ಟ ಜಾಗವನ್ನೆಲ್ಲ ತುಂಬುತ್ತ, ಹೊರಟಲ್ಲಿಗೇ ಬಂದು ನಿಲ್ಲುವುದು.

ವೈನಿ ಸುಮ್ಮನಿರುವವಳಲ್ಲ. ಅತ್ತಿ ಹೇಳಿದ ಗೋಪುರವನ್ನು ಕಂಪ್ಯೂಟರಿನಲ್ಲಿ ಗೆರೆಗೆರೆಯಾಗಿ ಬರೆದು, ದಾರ ಎಲ್ಲೂ ಕತ್ತರಿಸದಂತೆ ದಾರಿ ಹುಡುಕು ಎಂದು ತಂತ್ರಾಂಶಕ್ಕೆ ಆಜ್ಞೆ ಕೊಟ್ಟಳು. ಪರದೆಯ ಮೇಲೆ ಚುಕ್ಕಿ ಓಡತೊಡಗಿತು: ಒಂದು ಕವಲಿಗೆ ಹೋಗಿ, ಅದೇ ಗೆರೆಯಲ್ಲಿ ಮರಳಿ, ಮುಂದಿನ ಕವಲಿಗೆ ಹೊರಳಿ, ಮತ್ತೆ ಮರಳಿ... ಅತ್ತಿ ಬಗ್ಗಿ ನೋಡಿದರು. ‘ಏ, ಇದಕ್ಕ ಗವಂತಿ ಹೋಗೂ ದಾರಿ ಯಾರ ಕಲಿಸ್ಯಾರು?’

ಯಾರು ಕಲಿಸಿದರು! ನನಗೆ ಮೈ ಜುಮ್ಮೆಂದಿತು. ಕಾಲೇಜಿನ ಗಣಿತದಲ್ಲಿ ಓದಿದ ಆಯ್ಲರ್ ನೆನಪಾದ. ಕೋನಿಗ್ಸ್‌ಬರ್ಗ್ ಊರಿನ 7 ಸೇತುವೆಗಳನ್ನು ತಲಾ ಒಂದೇ ಸಲ ದಾಟಿ ಊರೆಲ್ಲ ಸುತ್ತಲು ಆಗುವುದಿಲ್ಲ ಎಂದು 1736ರ ಸುಮಾರಿಗೆ ತೋರಿಸಿದವನು. ಒಂದೊಂದು ದಡಕ್ಕೂ ಬೆಸ ಸಂಖ್ಯೆಯ ಸೇತುವೆಗಳಿದ್ದದ್ದೇ ತೊಡಕು. ಪ್ರತಿ ಸೇತುವೆಯನ್ನೂ ಎರಡೆರಡು ಸಲ ದಾಟಿ ಎಂದುಬಿಟ್ಟರೆ? ಎಲ್ಲೆಡೆ ಸಮಸಂಖ್ಯೆ, ತೊಡಕೇ ಮಾಯ! ಗವಂತಿ ಮಾಡುವುದು ಇದನ್ನೇ. ಪ್ರತಿ ಗೆರೆಯಲ್ಲೂ ಎರಡು ಸಲ, ಒಮ್ಮೆ ಬಟ್ಟೆಯ ಮೇಲೆ, ಒಮ್ಮೆ ಕೆಳಗೆ. ಗೆರೆಗಳೆಲ್ಲ ಒಂದಕ್ಕೊಂದು ಕೂಡಿದ್ದರೆ ಸಾಕು, ಎಂಥ ಚಿತ್ರವಾದರೂ ಒಂದೇ ದಾರದಲ್ಲಿ ಮುಗಿದು ಹೊರಟಲ್ಲಿಗೇ ಬರುತ್ತದೆ. ಗಣಿತದವರು ಸಾಧಿಸಿ ಕೊಟ್ಟಿದ್ದನ್ನು ನಮ್ಮ ಅಜ್ಜಿಯರು ಅಂಗಳದಲ್ಲಿ ಕುಳಿತು, ಮಾತಾಡುತ್ತ ಮಾತಾಡುತ್ತ, ಹೊಲಿದು ಮುಗಿಸಿದ್ದರು!

ಗೋಪುರ ಮೂಡಿತು. ಬಾಬಿನ್ನಿಗೂ ಅದೇ ಕೆಂಪು ದಾರ ಸುತ್ತಿ, ದಾರದ ಬಿಗಿತ ಸರಿಮಾಡಿದ್ದರಿಂದ ಹಿಂದೆಯೂ ಕೆಂಪು ಗೋಪುರವೇ. ಅತ್ತಿ ಬೆರಳಾಡಿಸಿದರು. ‘ದಪ್ಪ ಆತು’ ಅಂದರು. ಹೌದು. ಯಂತ್ರ ಹೋಗುವಾಗ ಮೇಲೊಂದು, ಕೆಳಗೊಂದು, ಬರುವಾಗ ಮತ್ತೆ ಮೇಲೊಂದು, ಕೆಳಗೊಂದು. ಒಂದೇ ಗೆರೆಗೆ ನಾಲ್ಕು ಪದರ ದಾರ. ಕೈಯದು ಎರಡೇ. ಅಷ್ಟೇ ಅಲ್ಲ, ಕೈಮಗ್ಗದ ಬಟ್ಟೆಯಲ್ಲಿ ಎಳೆಗಳ ನಡುವಿನ ಅಂತರ ಎಲ್ಲೆಡೆ ಒಂದೇ ಇರುವುದಿಲ್ಲ. ಯಂತ್ರ ತನ್ನ ಮಿಲಿಮೀಟರನ್ನು ಎಣಿಸುತ್ತದೆ, ಅಡ್ಡ ಬಂದ ಎಳೆಯನ್ನು ಚುಚ್ಚಿಕೊಂಡೇ ಹೋಗುತ್ತದೆ. ಅತ್ತಿ ಬಟ್ಟೆಯ ಎಳೆಯನ್ನೇ ಎಣಿಸುತ್ತಾರೆ, ಸೂಜಿ ಎಳೆಗಳ ನಡುವೆ ಇಳಿಯುತ್ತದೆ. ಇಷ್ಟು ವರ್ಷದ ಮೇಲೆ, ಇಷ್ಟು ದುಡ್ಡು ಸುರಿದ ಮೇಲೆ ಯಂತ್ರ ಗವಂತಿಯ ದಾರಿಯನ್ನು ಕಲಿತಿದೆ, ಬಟ್ಟೆಯ ಎಳೆಯನ್ನು ನೋಡುವುದನ್ನು ಇನ್ನೂ ಕಲಿತಿಲ್ಲ.

ಇಂಥ ಯಂತ್ರ ಕೊಳ್ಳುವ ಶಕ್ತಿಯಿದ್ದರೆ ಕೊಳ್ಳಿ, ಕುಪ್ಪಸಕ್ಕೆ, ಮಕ್ಕಳ ಅಂಗಿಗೆ, ಮದುವೆ ಮನೆಯ ಗಡಿಬಿಡಿಗೆ ಅದರ ಸಮ ಇನ್ನೊಂದಿಲ್ಲ. ಆದರೆ ಯಾರಾದರೂ ‘ಕೈಕಸೂತಿ’ ಎಂದು ಸೀರೆ ಮುಂದಿಟ್ಟರೆ ಸೆರಗನ್ನು ತಿರುಗಿಸಿ, ಸೂಜಿಯ ತುದಿಯಿಂದ ಒಂದು ಹೊಲಿಗೆಯನ್ನು ಮೆಲ್ಲಗೆ ಎತ್ತಿ ನೋಡಿ. ಕೆಳಗಿನಿಂದ ಇನ್ನೊಂದು ದಾರ ಕೊಂಡಿ ಹಾಕಿಕೊಂಡಿದ್ದರೆ ಅದು ಯಂತ್ರದ್ದು, ಯಂತ್ರದ ಕೆಲಸದ ಬೆಲೆಯನ್ನಷ್ಟೇ ಕೊಡಿ. ಒಂದೇ ದಾರವಿದ್ದರೆ ಅದು ಕೈಯದು. ಚೌಕಾಶಿ ಮಾಡದೆ ಕೇಳಿದಷ್ಟು ಕೊಟ್ಟು ತನ್ನಿ.