ಬಿಳಿಯ ರಕ್ತಕಣದ ಕೋಶಕೇಂದ್ರ: ಆಕಾರ ಮತ್ತು ಕಾರ್ಯ

ರಕ್ತದ ಹನಿಯೊಂದನ್ನು ಗಾಜಿನ ಪಟ್ಟಿಯ ಮೇಲೆ ತೆಳುವಾಗಿ ಸವರಿ, ಬಣ್ಣವೇರಿಸಿ, ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಬೆರಗನ್ನುಂಟುಮಾಡುವುದು ಬಿಳಿಯ ಕಣಗಳ ಕೋಶಕೇಂದ್ರದ ಆಕಾರವೈವಿಧ್ಯ. ಲಿಂಫೋಸೈಟಿನಲ್ಲಿ ಅದು ದುಂಡಗಿದ್ದು ಕೋಶವನ್ನು ಬಹುಪಾಲು ತುಂಬಿಕೊಂಡಿರುತ್ತದೆ. ಮಾನೋಸೈಟಿನಲ್ಲಿ ಮೂತ್ರಪಿಂಡದಂತೆ ಬಾಗಿರುತ್ತದೆ. ವಯಸ್ಕರ ರಕ್ತದಲ್ಲಿ ಸಾಮಾನ್ಯವಾಗಿ ಅತ್ಯಧಿಕ ಸಂಖ್ಯೆಯಲ್ಲಿರುವ ನ್ಯೂಟ್ರೋಫಿಲಿನಲ್ಲಾದರೋ ಮೂರು ನಾಲ್ಕು ಹಾಲೆಗಳಾಗಿ, ದಾರದಲ್ಲಿ ಪೋಣಿಸಿದ ಮಣಿಗಳಂತೆ ಕಾಣುತ್ತದೆ. ಈ ವಿಚಿತ್ರ ರೂಪದಿಂದ ಕಣಕ್ಕೇನು ಪ್ರಯೋಜನ?

ರೋಗಾಣುವಿದ್ದೆಡೆಗೆ ಧಾವಿಸಿ ಅದನ್ನು ನುಂಗುವುದು ನ್ಯೂಟ್ರೋಫಿಲಿನ ಮುಖ್ಯ ಕಾರ್ಯ. ಅದಕ್ಕಾಗಿ ರಕ್ತನಾಳದ ಗೋಡೆಯನ್ನು ದಾಟಬೇಕು, ಅಂಗಾಂಶದ ಎಳೆಗಳ ನಡುವೆ ನುಸುಳಬೇಕು. ಗಾಜಿನ ಮೇಲೆ 12ರಿಂದ 15 ಮೈಕ್ರಾನ್ ಅಗಲವಾಗಿ ಕಾಣುವ ಕಣ ಅದಕ್ಕಿಂತ ಎಷ್ಟೋ ಕಿರಿದಾದ ಸಂದಿಯಲ್ಲಿ ಹಾಯಬೇಕಾಗುತ್ತದೆ. ಕೋಶದ್ರವ್ಯ ಹೇಗೋ ಹರಿದುಹೋದೀತು. ಅಡ್ಡ ನಿಲ್ಲುವುದು ಅದಕ್ಕಿಂತ ಪೆಡಸಾದ ಕೋಶಕೇಂದ್ರವೇ. ಹಾಲೆಗಳಾಗಿ ಬಿಡಿಸಿಕೊಂಡದ್ದು ಒಂದೊಂದಾಗಿ ನುಸುಳುತ್ತದೆಂಬ ವಿವರಣೆ ಬಹುಕಾಲದಿಂದ ನಡೆದುಬಂದಿದೆ. ಕೇಳಲು ಅದು ಸೊಗಸಾಗಿಯೂ ಇದೆ.

ಆದರೆ ಅದು ಸಂಪೂರ್ಣವಲ್ಲ. 1928ರಲ್ಲಿ ಹಾಲೆಂಡಿನ ವೈದ್ಯ ಪೆಲ್ಗರ್ ಅವರು ಕ್ಷಯರೋಗಿಗಳಲ್ಲಿ ಎರಡೇ ಹಾಲೆಗಳುಳ್ಳ, ಕನ್ನಡಕದಾಕಾರದ ಕೋಶಕೇಂದ್ರಗಳನ್ನು ಕಂಡು ಅದನ್ನು ಕೆಟ್ಟ ಲಕ್ಷಣವೆಂದೇ ಬಗೆದರು. ಕೆಲವು ವರ್ಷಗಳ ತರುವಾಯ ಅದೇ ದೇಶದ ಹ್ಯೂಎಟ್ ಅವರು, ಇದು ಮನೆತನದಲ್ಲಿ ಇಳಿದುಬರುವ ಲಕ್ಷಣವೇ ಹೊರತು ರೋಗವಲ್ಲವೆಂದು ತೋರಿಸಿದರು. ಲ್ಯಾಮಿನ್-ಬಿ ಗ್ರಾಹಕವೆಂಬ ಪ್ರೋಟೀನಿನ ಜೀನಿನಲ್ಲಿ ಇದರ ಮೂಲವಿರುವುದು 2002ರಲ್ಲಿ ತಿಳಿಯಿತು. ತಂದೆತಾಯಿಯರಲ್ಲಿ ಒಬ್ಬರಿಂದ ಮಾತ್ರ ಈ ಲಕ್ಷಣವನ್ನು ಪಡೆದವರು ಸಾಮಾನ್ಯವಾಗಿ ಆರೋಗ್ಯವಂತರು. ಅವರ ಕಣಗಳು ರೋಗಾಣುಗಳನ್ನು ಎದುರಿಸುತ್ತಲೇ ಇರುತ್ತವೆ.

ಹಾಗಾದರೆ ಗುಟ್ಟು ಎಲ್ಲಿದೆ? ಬಹುಮಟ್ಟಿಗೆ ಮೆದುತನದಲ್ಲಿ. ಕೋಶಕೇಂದ್ರದ ಪೊರೆಯನ್ನು ಬಿಗಿಗೊಳಿಸುವ ಲ್ಯಾಮಿನ್-ಎ ಎಂಬ ಪ್ರೋಟೀನು ನ್ಯೂಟ್ರೋಫಿಲಿನಲ್ಲಿ ತೀರ ಕಡಮೆ. 2013ರಲ್ಲಿ ಪ್ರಕಟವಾದ ಪ್ರಯೋಗಗಳಲ್ಲಿ, ಅದನ್ನು ಹೆಚ್ಚಿಸಿದ ಕೋಶಗಳು ಇಕ್ಕಟ್ಟಾದ ಸಂದಿಗಳನ್ನು ದಾಟಲು ತಡಮಾಡಿದವು. ಹಾಲೆಗಳ ಆಕಾರದಿಂದ ಅಷ್ಟು ವ್ಯತ್ಯಾಸವಾಗಲಿಲ್ಲ.

ಇಷ್ಟರಿಂದ ಆಕಾರವನ್ನು ಕಡೆಗಣಿಸುವಂತಿಲ್ಲ. ಐದಕ್ಕಿಂತ ಹೆಚ್ಚು ಹಾಲೆಗಳು ಕಂಡರೆ ವೈದ್ಯರು ಬಿ-12 ಅಥವಾ ಫೋಲಿಕ್ ಆಮ್ಲದ ಕೊರತೆಯನ್ನು ಶಂಕಿಸುತ್ತಾರೆ. ತೀವ್ರ ಸೋಂಕಿನಲ್ಲಿ ಅಸ್ಥಿಮಜ್ಜೆಯಿಂದ ಇನ್ನೂ ಹಾಲೆ ಬಿಡದ ಎಳೆಯ ಕಣಗಳು ಹೊರಬೀಳುತ್ತವೆ. ಅಸ್ಥಿಮಜ್ಜೆಯ ಕೆಲವು ಗಂಭೀರ ರೋಗಗಳಲ್ಲಿಯೂ ಎರಡು ಹಾಲೆಯ ಕಣಗಳು ತೋರುತ್ತವೆ. ಪೆಲ್ಗರ್ ಲಕ್ಷಣವುಳ್ಳ ಆರೋಗ್ಯವಂತ ಮಗುವಿನ ರಕ್ತವನ್ನು ಅವಸರದಿಂದ ಓದಿದರೆ, ಇಲ್ಲದ ರೋಗಕ್ಕೆ ಔಷಧ, ಬೇಡದ ಮಜ್ಜೆಪರೀಕ್ಷೆ, ಮನೆಮಂದಿಗೆಲ್ಲ ದಿಗಿಲು. ಅಂಥಲ್ಲಿ ತಂದೆತಾಯಿಯರ ರಕ್ತವನ್ನೂ ಅದೇ ಸೂಕ್ಷ್ಮದರ್ಶಕದಡಿ ಇಟ್ಟು ನೋಡಿದರೆ ಆ ಕನ್ನಡಕದ ರೂಪ ಅವರಲ್ಲೊಬ್ಬರಲ್ಲಿ ಅನೇಕವೇಳೆ ಸಿಕ್ಕಿಬಿಡುತ್ತದೆ.