ಕತ್ತಿಗಿಂತ ಮೊದಲು ಪತ್ತೆದಾರಿ

ಬಿಳಿಗೂದಲು, ಬೆಕ್ಕಿನ ಕಣ್ಣು, ಬೆನ್ನಿಗೆ ಎರಡು ಕತ್ತಿ. ಊರೂರು ಅಲೆಯುತ್ತ, ದುಡ್ಡು ಕೊಟ್ಟವರ ಪರವಾಗಿ ದೆವ್ವ-ಪಿಶಾಚಿಗಳನ್ನು ಕೊಲ್ಲುವ ಗೆರಾಲ್ಟ್ ‘ದಿ ವಿಚರ್’ ಎಂಬ ವಿಡಿಯೊ ಗೇಮಿನ ನಾಯಕ. ಪೋಲೆಂಡಿನ ಸಿಡಿ ಪ್ರಾಜೆಕ್ಟ್ ರೆಡ್ ಕಂಪನಿ ಇದರ ಮೊದಲ ಭಾಗವನ್ನು 2007ರಲ್ಲಿ ತಂದಿತು. 2015ರಲ್ಲಿ ಬಂದ ಮೂರನೆಯ ಭಾಗ 5 ಕೋಟಿಗೂ ಹೆಚ್ಚು ಪ್ರತಿ ಖರ್ಚಾಗಿದೆ. ಒಬಾಮ 2011ರಲ್ಲಿ ವಾರ್ಸಾಗೆ ಹೋದಾಗ ಅಲ್ಲಿನ ಪ್ರಧಾನಿ ಡೊನಾಲ್ಡ್ ಟುಸ್ಕ್ ಕೊಟ್ಟ ಉಡುಗೊರೆಗಳಲ್ಲಿ ಎರಡನೆಯ ಭಾಗವೂ ಇತ್ತು.

ಗೆರಾಲ್ಟ್‌ನ ಕಥೆ ಮೊದಲಾದದ್ದು ಒಂದು ಪತ್ರಿಕೆಯ ಸ್ಪರ್ಧೆಯಲ್ಲಿ. ವ್ಯಾಪಾರದ ನೌಕರಿಯಲ್ಲಿದ್ದ ಆಂದ್ರೆಯ್ ಸಾಪ್ಕೋವ್ಸ್ಕಿ ‘ಫಂತಾಸ್ತಿಕಾ’ ಪತ್ರಿಕೆಗೆ ಕಳಿಸಿದ ಕಥೆ 1986ರ ಡಿಸೆಂಬರ್ ಸಂಚಿಕೆಯಲ್ಲಿ ಅಚ್ಚಾಯಿತು. ಸಿಕ್ಕಿದ್ದು ಮೂರನೆಯ ಬಹುಮಾನ. ಮುಂದೆ ಗೇಮಿನ ಹಕ್ಕು ಮಾರುವಾಗ ಅವರು ಲಾಭದಲ್ಲಿ ಪಾಲು ಬೇಡವೆಂದು ಇಡಿಗಂಟು ತೆಗೆದುಕೊಂಡರು. ಗೇಮು ಗೆದ್ದ ಮೇಲೆ ಪೇಚಾಡಿಕೊಂಡರು. 2019ರಲ್ಲಿ ಕಂಪನಿಯ ಜೊತೆ ಹೊಸ ಒಪ್ಪಂದವಾಯಿತು.

ಆ ಕಥೆಯ ಹೆಸರು ‘ವ್ಯೆಜ್ಮಿನ್’. ಪೋಲಿಷ್ ಭಾಷೆಯಲ್ಲಿ ಮಾಟಗಾತಿಗೆ ‘ವ್ಯೆಜ್ಮಾ’ ಎನ್ನುತ್ತಾರೆ. ಆ ಹಳೆಯ ಪದಕ್ಕೆ ಗಂಡುರೂಪ ಕೊಟ್ಟು ಸಾಪ್ಕೋವ್ಸ್ಕಿ ತಮ್ಮ ನಾಯಕನಿಗೆ ಕಸುಬಿನ ಹೆಸರು ಮಾಡಿಕೊಂಡರು. ನಮ್ಮಲ್ಲಿ ಮಾಟಗಾರ, ಮಾಟಗಾತಿ ಇಬ್ಬರಿಗೂ ಹೆಸರಿದೆ, ಅಲ್ಲಿ ಹೆಣ್ಣಿನಿಂದ ಗಂಡು ಹುಟ್ಟಿದ. ‘ವ್ಯೆಜ್ಮಾ’ದ ಬೇರಿಗೆ ‘ತಿಳಿ’ ಎಂದರ್ಥ: ವ್ಯೆಜ್ಮಾ ಎಂದರೆ ಬಲ್ಲವಳು. ಸಂಸ್ಕೃತದ ‘ವಿದ್’ ಧಾತುವೂ ಅದೇ ಬೇರಿನ ಚಿಗುರು. ಹಾಗಾಗಿ ನಾವು ದಿನಬೆಳಗಾದರೆ ಬಳಸುವ ‘ವಿದ್ಯೆ’ ಈ ದೆವ್ವಬೇಟೆಗಾರನಿಗೆ ದೂರದ ನೆಂಟ. ಗೇಮಿನ ಇಂಗ್ಲಿಷ್ ಹೆಸರಿನಲ್ಲಿರುವ ‘ವಿಚ್’ ಪದದ ಮೂಲ ಮಾತ್ರ ಇನ್ನೂ ವಿವಾದದಲ್ಲಿದೆ.

ಗೇಮು ಆಡಿದವರಿಗೆ ‘ಬಲ್ಲವ’ ಎಂಬ ಅರ್ಥ ಸುಮ್ಮನೆ ಅಂಟಿಸಿದ್ದಲ್ಲ ಎಂದು ಗೊತ್ತಾಗುತ್ತದೆ. ಮೂರನೆಯ ಭಾಗದ ಆರಂಭದಲ್ಲೇ ಪಾಳುಬಿದ್ದ ಹಳ್ಳಿಯ ಬಾವಿಯೊಂದು ಬರುತ್ತದೆ. ಕಾಯಿಲೆ ಬಿದ್ದ ಮಗಳಿಗೆ ಆ ಬಾವಿಯ ನೀರು ಬೇಕೆನ್ನುತ್ತಾನೆ ಒಬ್ಬ ತಂದೆ. ಆದರೆ ನಡುಮಧ್ಯಾಹ್ನ ಅಲ್ಲೊಂದು ಹೆಣ್ಣುದೆವ್ವದ ಕಾಟ. ಸ್ಲಾವ್ ಜನರ ನಂಬಿಕೆಯ ‘ಪೊವುದ್ನಿತ್ಸಾ’, ಸುಡುಬಿಸಿಲಲ್ಲಿ ಹೊಲ ಬಿಟ್ಟೇಳದ ರೈತರನ್ನು ಹಿಡಿಯುವವಳು, ಇಲ್ಲಿ ಮೈದಳೆದಿದ್ದಾಳೆ. ಬರಿ ಕತ್ತಿ ಬೀಸಿದರೆ ಅವಳು ತೊಲಗುವುದಿಲ್ಲ. ಗೆರಾಲ್ಟ್ ಹಳೇ ಡೈರಿ ಓದುತ್ತಾನೆ, ಬಾವಿಗಿಳಿದು ಅವಳ ಕೈಬಳೆ ಹುಡುಕುತ್ತಾನೆ, ಹೆಣದ ಜೊತೆಗೇ ಅದನ್ನೂ ಸುಡುತ್ತಾನೆ. ಕಾದಾಟ ಆಮೇಲಿನದು.

ಇನ್ನೊಂದು ಪ್ರಸಂಗ ಎದೆ ಕಲಕುವಂಥದ್ದು. ಗರ್ಭಪಾತವಾಗಿ, ಹೆಸರಿಲ್ಲದೆ ಹೂತ ಕೂಸು ಪಿಶಾಚಿಯಾಗಿ ಎದ್ದಿದೆ. ಅದನ್ನು ಕೊಲ್ಲಲೂಬಹುದು. ಅಥವಾ ಕುಡುಕ ತಂದೆಯೇ ಎತ್ತಿಕೊಂಡು ಮನೆಯವರೆಗೆ ನಡೆದು, ಹೆಸರಿಟ್ಟು, ಹೊಸ್ತಿಲ ಕೆಳಗೆ ಹೂಳಬಹುದು. ಆಗ ಅದು ಮನೆ ಕಾಯುವ ಶಕ್ತಿಯಾಗುತ್ತದೆ. ಗೇಮಿನಲ್ಲಿ ಇಷ್ಟು ಸಂಕಟದ ನಡಿಗೆ ಅಪರೂಪ.

ನಾಲ್ಕನೆಯ ಭಾಗವನ್ನು 2024ರ ಡಿಸೆಂಬರಿನಲ್ಲಿ ಅನಾವರಣಗೊಳಿಸಿದರು. ಈ ಸಲದ ಮುಖ್ಯ ಪಾತ್ರ ಗೆರಾಲ್ಟ್ ಅಲ್ಲ, ಅವನ ಸಾಕುಮಗಳಂತಿರುವ ಸಿರಿ.